ಮಾತ್ರೆಯ ಸಿಪ್ಪೆ

ನನ್ನ ತಮ್ಮ ವಗೀಹ್ ಬೇಕಾದ ಒಂದು ಮಾತು ಬಿಟ್ಟು ಮಿಕ್ಕಿದ್ದನ್ನೆಲ್ಲ ಆಡುವವನು. ಔಷಧ ಕಾರ್ಖಾನೆಯಲ್ಲಿ ಮಾತ್ರೆಗೆ ಹೊದಿಕೆ ಹಾಕುವ ಕೆಲಸ ಅವನದು. ಅಮ್ಮ ಮಹಲ್ಲಾ ಊರಿನ ನೂಲಿನ ಗಿರಣಿಯಲ್ಲಿ ನಿಂತು ನಿಂತೇ ಮಂಡಿ ಸವೆಸಿಕೊಂಡವಳು. ನೋವಿನ ಮಾತ್ರೆ ನುಂಗಿ ನುಂಗಿ ಹೋದ ವರ್ಷ ರಕ್ತ ಕಾರಿದಳು. ಇನ್ನೊಂದು ಸಲ ಹೀಗಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಅಂದಿನಿಂದ ವಗೀಹನಿಗೆ ಅದೇ ಹುಚ್ಚು. ಮಾತ್ರೆ ಹೊಟ್ಟೆಯಲ್ಲಿ ಕರಗಬಾರದು, ಕರುಳಿಗೆ ಇಳಿದ ಮೇಲೆಯೇ ಬಿಚ್ಚಿಕೊಳ್ಳಬೇಕು.

ರಂಜಾನಿಗೆ ಸ್ವಲ್ಪ ಮುಂಚೆ ಅಂಥ ನೋವಿನ ಮಾತ್ರೆಯ ಡಬ್ಬಿ ಹಿಡಿದು ಬಂದ. ಡಾಕ್ಟರೂ ಗೊಣಗುತ್ತಲೇ ಒಪ್ಪಿದ್ದರು.

"ತಗೋ ಅಮ್ಮಾ. ಮೇಲಿನ ಈ ಸಿಪ್ಪೆ ಇದ್ರೆ ಹೊಟ್ಟೆಗೆ ಗೊತ್ತೇ ಆಗಲ್ಲ."

"ಯಾತರದ್ದೋ ಇದು, ಇಷ್ಟು ಹೊಳೀತದೆ?"

"ನಿಂಗೆ ತಿಳಿಯಲ್ಲ ಬಿಡು. ಅದರ ಹೆಸರೇ ಮಾರುದ್ದ ಇದೆ."

ಅಮ್ಮ ನಕ್ಕು ಸುಮ್ಮನಾದಳು. ಪಕ್ಕದ ಮನೆಯ ಉಮ್ಮ್ ಹಾಶಿಮ್ ಸುಮ್ಮನಾಗುವವರ ಪೈಕಿಯಲ್ಲ. ಅವಳದೂ ಅದೇ ಗಿರಣಿ, ಅದೇ ಮಂಡಿನೋವು. ವಗೀಹ್ ಅವಳಿಗೂ ಒಂದು ಡಬ್ಬಿ ಕೊಟ್ಟಿದ್ದ. ಅವಳು ಅಮ್ಮನ ಕಿವಿ ಊದಿದ್ದು ನನಗೆ ಗೊತ್ತಾದದ್ದು ಆಮೇಲೆ. "ಬಹೀಗಾ ಅಕ್ಕಾ, ಗುಳಿಗೆ ಮೇಲಿನ ಸಿಪ್ಪೆ ಹಂದಿ ಚರ್ಮದ ಅಂಟಿಂದ ಮಾಡ್ತಾರಂತೆ. ಉಪವಾಸದ ತಿಂಗಳಲ್ಲಿ ಬಾಯಿಗೆ ಹಾಕ್ತೀಯಾ?"

ಆ ರಂಜಾನಿನಲ್ಲಿ ಅಮ್ಮ ಕುರ್ಚಿ ಬಿಟ್ಟು ನೆಲದ ಮೇಲೆ ಮಂಡಿಯೂರಿ ನಮಾಜು ಮಾಡಿದಳು. ವಗೀಹ್ ನೋಡಿ ಉಬ್ಬಿಹೋದ. ದಿನ ಕಳೆದಂತೆ ಅವಳ ತುಟಿ ಬಿಳಿಚಿತು. ಕೇಳಿದರೆ "ಉಪವಾಸ ಅಲ್ವೇನೇ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಒಂದು ಸಂಜೆ ಬಾಂಗು ಆಗುತ್ತಿದ್ದಂತೆ ಖರ್ಜೂರ ಬಾಯಿಗಿಡಲು ಹೋದವಳು ಕುಸಿದಳು. ಕಾರಿದ್ದೆಲ್ಲ ಕಪ್ಪು.

ಆಸ್ಪತ್ರೆಯಲ್ಲಿ ವಗೀಹ್ ನನ್ನ ಕೈ ಹಿಡಿದುಕೊಂಡ. "ಅಕ್ಕಾ, ಬೇರೆ ಮಾತ್ರೆ ಏನಾದ್ರೂ ನುಂಗಿದ್ದಾಳಾ? ನಂದ್ರಿಂದ ಹೀಗಾಗಲ್ಲ. ಮನೇಲಿ ಹುಡುಕು."

ಅಡುಗೆಮನೆ ಜಾಲಾಡಿದೆ. ಉಪ್ಪಿನ ಡಬ್ಬಿಯ ಹಿಂದೆ ಒಂದು ಸಾಸರ್, ಒಂದು ಪುಟ್ಟ ಚಾಕು. ಸಾಸರಿನಲ್ಲಿ ಈರುಳ್ಳಿ ಸಿಪ್ಪೆಯಂಥ ಕಂದು ಚೂರುಗಳು. ಹಾಗೇ ಆಸ್ಪತ್ರೆಗೆ ಒಯ್ದೆ.

"ಇದೇನಮ್ಮಾ?" ಎಂದ ವಗೀಹ್.

"ಸಿಪ್ಪೆ ಕಣೋ. ಹೆರೆದು ನುಂಗ್ತಿದ್ದೆ. ಹಂದೀದು ಅಂದ್ರಲ್ಲ. ನಿನ್ನ ಕೇಳೋಣ ಅಂದ್ರೆ, ಅಷ್ಟು ಕಷ್ಟಪಟ್ಟು ಮಾಡಿದೀಯ, ನೊಂದ್ಕೊಳ್ತೀಯ ಅಂತ. ಒಳಗಿಂದು ಒಂದು ಚೂರೂ ಹಾಳು ಮಾಡಿಲ್ಲ ನೋಡು."

"ಅದು ಹತ್ತಿ ಅಮ್ಮಾ. ಹತ್ತಿಯಿಂದ ಮಾಡಿದ್ದು."

ಅಮ್ಮ ಅವನನ್ನೇ ನೋಡುತ್ತ ಮಲಗಿದ್ದಳು. "ಹತ್ತಿನಾ? ಗಿರಣೀಲಿ ಆಯುಷ್ಯವೆಲ್ಲ ಅದನ್ನೇ ನುಂಗಿದೀನಲ್ಲೋ. ಮೊದಲೇ ಹೇಳಬಾರದಿತ್ತಾ, ಕತ್ತೆ."

ಹಬ್ಬಕ್ಕೆ ಅವಳಿರಲಿಲ್ಲ.

ವಗೀಹನಿಗೆ ಆಮೇಲೆ ಒಂದೇ ಮಾತು. ಸಾವಿಗೆ ಬಂದವರ ಕೈ ಹಿಡಿದು "ಹತ್ತಿ, ಬರೀ ಹತ್ತಿ" ಎನ್ನುತ್ತಿದ್ದ. ಓಣಿಯಲ್ಲಿ ಮನೆಮನೆಗೂ ಹೋಗಿ ಹೇಳಿ ಬಂದ. ಹೆಂಗಸರೆಲ್ಲ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ನನಗೆ ಅವನ ಮೇಲೆ ಸಿಟ್ಟೂ ಬರುತ್ತಿತ್ತು, ಕರುಳೂ ಚುರುಕ್ ಎನ್ನುತ್ತಿತ್ತು.

ಉಮ್ಮ್ ಹಾಶಿಮ್ ನಮಗೆ ಊಟ ಕಳಿಸಿದ್ದಳು. ಪಾತ್ರೆ ತೊಳೆದು ಹಿಂತಿರುಗಿಸಲು ಅವಳ ಅಡುಗೆಮನೆಗೆ ಹೋದೆ.

"ನಿನ್ನ ತಮ್ಮನ್ನ ನೋಡಿದ್ರೆ ಸಂಕಟ ಆಗತ್ತೆ ಕಣೇ," ಎಂದಳು. "ತಾಯಿ ಹೋದ ದುಃಖ, ಏನೇನೋ ಮಾತಾಡ್ತಾನೆ. ನಾವೂ ಹೂಂ ಅಂತೀವಿ ಪಾಪ."

ಪಾತ್ರೆ ಇಡಲು ಕಟ್ಟೆಯ ಕಡೆ ತಿರುಗಿದೆ. ಅಲ್ಲಿ ಚಾಕುವಿನ ಪಕ್ಕ ಒಂದು ಸಾಸರ್ ಇತ್ತು, ಅದರ ತುಂಬ ಕಂದು ಚೂರುಗಳು.