ಮೈಸಮ್ಮನ ಗೋಡೆ

ಮನ್ಮಥಪ್ಪ ಹೈದರಾಬಾದಿನಲ್ಲಿ ಚಿತ್ರಕಲೆ ಕಲಿತು ಬಂದವನು. ಅವನ ಚಿತ್ರದಲ್ಲಿ ಮನುಷ್ಯರಿಲ್ಲ, ಮರವಿಲ್ಲ, ದೇವರೂ ಇಲ್ಲ. ತಾಂಡೂರಿನ ವಕೀಲ ಮಾಣಿಕಪ್ಪನವರು ತಮ್ಮ ಪಡಸಾಲೆಯಲ್ಲಿ ತೂಗುಹಾಕಿದ ಅವನ ಹೊಸ ಚಿತ್ರದಲ್ಲಿ ಇದ್ದದ್ದು ಇಷ್ಟೇ: ಆಳೆತ್ತರ ಮೀರಿದ ಕೆಂಪು, ಅದರ ಬುಡಕ್ಕೆ ಮೊಣಕಾಲಷ್ಟು ಎತ್ತರದ ಕಪ್ಪು, ಮೇಲಿನ ಮೂಲೆಯಲ್ಲೊಂದು ಬಿಳಿ ಚೌಕ.

ನಿಜ ಹೇಳಬೇಕೆಂದರೆ ಅದು ಪಕ್ಕದ ಹಳ್ಳಿ ಯಾಲಾಲದ ಮೈಸಮ್ಮನ ಮನೆಯ ಗೋಡೆ. ಕೂಲಿ ಮಾಡುವ ಆ ಹೆಂಗಸು ವರ್ಷವರ್ಷ ಹಬ್ಬದ ಮುಂದೆ ಕೆಮ್ಮಣ್ಣು, ಕಪ್ಪು ಎರೆಮಣ್ಣು, ಸುಣ್ಣ ಬೇರೆಬೇರೆ ಕಲಸಿ ಗೋಡೆಗೆ ಬಳಿಯುತ್ತಿದ್ದಳು. ಮನ್ಮಥಪ್ಪ ಅದರ ಮುಂದೆ ಮೂರು ದಿನ ಕೂತು, ಯಾವ ಬಣ್ಣ ಎಷ್ಟು ಗೇಣು ಎಂದು ಅಳೆದುಕೊಂಡಿದ್ದ. ತನ್ನ ಜಾತಿ ನೆನೆದು ಆಕೆ ನೀರು ಕೊಡಲು ಹಿಂಜರಿದಾಗ ತಾನೇ ಇಸಿದುಕೊಂಡು ಕುಡಿದಿದ್ದ. ಅಷ್ಟಕ್ಕೇ ತಾನು ಭಾರೀ ದೊಡ್ಡ ಮನುಷ್ಯ ಅಂದುಕೊಂಡಿದ್ದ.

"ಕಪ್ಪು ಮೊಣಕಾಲ ಮ್ಯಾಲ ಏರಿದ್ರ ಕೆಂಪು ಸಾಯ್ತದ್ರಿ ಧಣಿ," ಎಂದು ಅವತ್ತು ಹೇಳಿಕೊಟ್ಟವಳೂ ಆಕೆಯೇ.

ಚಿತ್ರ ನೋಡಲು ತಹಸೀಲ್ದಾರರು ಬಂದ ದಿನ ಮೈಸಮ್ಮ ವಕೀಲರ ಅಂಗಳ ಸಾರಿಸಲು ಬಂದಿದ್ದಳು.

"ಇದು ನಿಮಗ ಹೆಂಗ ಹೊಳೀತ್ರಿ?" ಎಂದು ವಕೀಲರು ಮನ್ಮಥಪ್ಪನನ್ನು ಕೇಳಿದರು.

ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಮನ್ಮಥಪ್ಪ ಅಂಗಳದತ್ತ ನೋಡಿ ಕಣ್ಣು ತಪ್ಪಿಸಿದ. "ಒಳಗಿಂದ ಬಂತ್ರಿ. ಕಪ್ಪು ಮೊಣಕಾಲ ಮ್ಯಾಲ ಏರಿದ್ರ ಕೆಂಪು ಸಾಯ್ತದ, ನೋಡ್ರಿ."

ತಹಸೀಲ್ದಾರರು ವಾಹ್ ಎಂದರು. ವಕೀಲರು ತಮಾಷೆಗೆ ಮೈಸಮ್ಮನನ್ನು ಕರೆದು, "ಇದರಾಗ ನಿನಗೇನ್ ಕಾಣ್ತದ?" ಎಂದರು.

ಆಕೆ ಚಿತ್ರ ನೋಡಿದಳು, ಮನ್ಮಥಪ್ಪನನ್ನು ನೋಡಿದಳು. "ನಮಗೇನ್ ತಿಳೀತದ್ರಿ, ದೊಡ್ಡೋರ ಕೆಲಸ," ಎಂದಳು. ಎಲ್ಲರೂ ನಕ್ಕರು. ಮನ್ಮಥಪ್ಪನೂ ನಕ್ಕ, ನಗುನಗುತ್ತಲೇ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

ಎರಡು ದಿನ ಅವನು ಕುಂಚ ಮುಟ್ಟಲಿಲ್ಲ. ಆಕೆಯ ಕ್ಷಮೆ ಕೇಳಬೇಕು, ವಕೀಲರನ್ನು ಕರೆತಂದು ಗೋಡೆ ತೋರಿಸಿ ನಿಜ ಹೇಳಬೇಕು ಎಂದು ಗಟ್ಟಿ ಮನಸ್ಸು ಮಾಡಿ ಮೂರನೆಯ ಬೆಳಿಗ್ಗೆ ಯಾಲಾಲಕ್ಕೆ ಹೋದ.

ಗೋಡೆ ಬುಡದಿಂದ ತುದಿಯವರೆಗೆ ಬೆಳ್ಳಗಿತ್ತು. ಮೈಸಮ್ಮ ಸುಣ್ಣದ ಗಡಿಗೆ ತೊಳೆಯುತ್ತಿದ್ದಳು.

"ಇದ್ಯಾಕ ಹಿಂಗ ಮಾಡ್ದಿ, ಮೈಸಮ್ಮ?"

"ಆ ಚಿತ್ರ ನೋಡಿದೋರು ಯಾರರ ಈ ಕಡಿ ಬಂದ್ರ, ನಿಮ್ಮದು ನೋಡಿ ನಾ ಕದ್ದೀನಿ ಅಂತಾರ್ರಿ. ಕಳ್ಳಿ ಅನ್ನಿಸ್ಕೊಳ್ಳೂದು ಬ್ಯಾಡಂತ ಬಳದುಬಿಟ್ಟೆ."

ಮನ್ಮಥಪ್ಪ ಹಸಿ ಸುಣ್ಣದ ಗೋಡೆಯ ಮೇಲೆ ಕೈಯಿಟ್ಟ. "ಅದು ನಂದಲ್ಲ, ನಿಂದು ಅಂತ ಎಲ್ಲಾರಿಗಿ ಹೇಳಾಕ ಬಂದೀನಿ," ಎಂದು ತೊದಲಿದ.

ಮೈಸಮ್ಮ ಗೋಡೆಯನ್ನೊಮ್ಮೆ ನೋಡಿ ಕೇಳಿದಳು:

"ಈಗ ಏನ್ ತೋರ್ಸಿ ಹೇಳ್ತೀರಿ, ಧಣಿ?"