ದಿನಕ್ಕೊಂದೇ ಕಾರ್ಡು

ಅವರ ಬಲಭುಜ ಎಡಭುಜಕ್ಕಿಂತ ಎರಡು ಬೆರಳಿನಷ್ಟು ತಗ್ಗು. ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಒಂದೇ ಸಮನೆ ಭಾರದ ಕತ್ತರಿ ಹಿಡಿದು, ಪದರ ಪದರವಾಗಿ ಹಾಸಿದ ಬಟ್ಟೆಯನ್ನು ಕತ್ತರಿಸುತ್ತ ಬಂದದ್ದರ ಮುದ್ರೆ ಅದು. ನೀರು ತುಂಬಿದ ಬಕೆಟ್ಟೊಂದನ್ನು ಬಲಗೈಯಲ್ಲಿ ಹಿಡಿದವರಂತೆ ಕೊಂಚ ವಾಲಿಕೊಂಡೇ ನಡೆಯುತ್ತಾರೆ. ಹಾಗಿದ್ದೂ ಮೆಟ್ಟಿಲು ಹತ್ತುವಾಗ ಅವರ ಹಿಂದೆ ಹೋದರೆ ನನಗೇ ಏದುಸಿರು. ಅಷ್ಟು ದುಡಿದ ಆ ಬಲಗೈಗೆ ದಿನದಲ್ಲಿ ಐದೇ ಐದು ನಿಮಿಷ ಬಿಡುವು. ಬೆಳಿಗ್ಗೆ ಆರೂವರೆಗೆ ಅಡುಗೆಮನೆಯ ಮೇಜಿನ ಮೇಲೆ ಭವಿಷ್ಯ ನೋಡಲು ಬಳಸುವ ಎಪ್ಪತ್ತೆಂಟು ಟ್ಯಾರೋ ಚಿತ್ರಕಾರ್ಡುಗಳನ್ನು ಬೋರಲಾಗಿ ಬೀಸಣಿಗೆಯಂತೆ ಹರಡಿ, ಬಲಗೈಯನ್ನು ಕೋಟಿನ ಜೇಬಿಗೆ ತುರುಕಿ, ಎಡಗೈಯಿಂದ ಒಂದನ್ನು, ಒಂದೇ ಒಂದನ್ನು ಎಳೆಯುತ್ತಾರೆ.

"ಎಡಗೈ ಯಾಕೆ?" ಎಂದು ಕೇಳಿದ್ದೆ.

"ಬಲಗೈಗೆ ಬುದ್ಧಿ ಜಾಸ್ತಿ ಕಣಮ್ಮಾ. ತನಗೆ ಬೇಕಾದ್ದನ್ನೇ ಹುಡುಕುತ್ತೆ."

ಕಾರ್ಖಾನೆಯಲ್ಲಿ ಅವರು ಕಟಿಂಗ್ ಮಾಸ್ಟರ್. ಹೆಂಗಸರಿಗೆ ಅಪರೂಪವಾಗಿ ಸಿಗುವ ಆ ಹುದ್ದೆಯ ಹೆಸರು ಅವರಿಗೆ ಎಷ್ಟು ಅಂಟಿಕೊಂಡಿತ್ತೆಂದರೆ, ನಮ್ಮ ಕಟ್ಟಡದ ನಾಲ್ಕೂ ಮಹಡಿಗಳಲ್ಲಿ ಅವರನ್ನು ಬೇರೆ ಹೆಸರಿನಿಂದ ಕರೆಯುವವರಿಲ್ಲ. ನಮ್ಮ ಬಾಗಿಲಿಗೆ ಎದುರು ಬಾಗಿಲು ಅವರದು. ಒಂಟಿ ಜೀವ. ಮೊಣಕಾಲು ಮುಟ್ಟುವ ನೀಲಿ ಕೋಟು, ಅದರ ಜೇಬಿನಲ್ಲಿ ಗುರುತು ಹಾಕುವ ಚಾಕ್‌ಪೀಸು, ಎಷ್ಟು ತಿಕ್ಕಿ ತೊಳೆದರೂ ಉಗುರ ಸಂದಿಯಲ್ಲಿ ಉಳಿಯುವ ಬಿಳಿ ಧೂಳು. ಆ ಧೂಳು ಕಾರ್ಡುಗಳ ಅಂಚಿಗೂ ಹತ್ತಿ, ರಾಜ ರಾಣಿಯರೆಲ್ಲ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ ಕಾಣುತ್ತಿದ್ದರು.

ಕಾರ್ಡು ತೆಗೆದಾದ ಮೇಲೆ ಚಂದ್ರ ಇಂದು ಯಾವ ರಾಶಿಯಲ್ಲಿದ್ದಾನೆಂದು ನೋಡುತ್ತಾರೆ. ಅನಂತರ ಉದ್ದನೆಯ ನೋಟುಪುಸ್ತಕವೊಂದರಲ್ಲಿ ಒಂದು ಸಾಲು ಬರೆಯುತ್ತಾರೆ. ಅದು ಭವಿಷ್ಯವಾಣಿಯಲ್ಲ, ಪ್ರಶ್ನೆ. ಸಂಜೆ ಬಂದು ಅದರ ಕೆಳಗೆ ಇನ್ನೊಂದು ಪದ: "ಮಾಡಿದೆ" ಅಥವಾ "ಮಾಡಲಿಲ್ಲ". ಒಮ್ಮೆ ಪುಟ ತಿರುವಿ ನೋಡುವ ಅವಕಾಶ ಸಿಕ್ಕಾಗ ನಾನು ದಂಗಾದೆ. ಅರ್ಧಕ್ಕರ್ಧ "ಮಾಡಲಿಲ್ಲ" ಎಂದೇ ಇತ್ತು. "ಅಣ್ಣನಿಗೆ ಫೋನು ಮಾಡಲು ಏನು ಅಡ್ಡಿ?" ಎಂಬ ಪ್ರಶ್ನೆಯಂತೂ ಎರಡು ವರ್ಷಗಳಲ್ಲಿ ಒಂಬತ್ತು ಸಲ ಬಂದು, ಒಂಬತ್ತು ಸಲವೂ ಸೋತು ಹೋಗಿತ್ತು. ತನ್ನ ಸೋಲನ್ನು ಇಷ್ಟು ದುಂಡಾದ ಅಕ್ಷರಗಳಲ್ಲಿ ದಾಖಲಿಸುವ ಮನುಷ್ಯರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಕುದುರೆ ಏರಿದ ಅಸ್ಥಿಪಂಜರದ ಕಾರ್ಡು, ಸಾವಿನ ಕಾರ್ಡು, ಬಂದ ದಿನವೊಂದರ ಕಥೆಯನ್ನು ಅವರ ಕೈಕೆಳಗೆ ಕೆಲಸ ಮಾಡುವ ಹೆಂಗಸೊಬ್ಬರು ನನಗೆ ಹೇಳಿದ್ದರು. ಮಾಸ್ಟರ್ ಮಾತಿನ ನಡುವೆ ಆ ಸುದ್ದಿ ಹೇಳಿದ್ದೇ ತಡ, ಕಟಿಂಗ್ ವಿಭಾಗಕ್ಕೆ ವಿಭಾಗವೇ ಕೈಕಾಲು ಬಿಟ್ಟಿತಂತೆ. ಮಾಸ್ಟರ್ ಮಾತ್ರ ಬೆಳಗಿನ ತಮ್ಮ ಪ್ರಶ್ನೆಯನ್ನು, "ಇವತ್ತು ಯಾವುದನ್ನ ಬಿಡಬೇಕು?" ಎಂಬುದನ್ನು, ಬಾಯಲ್ಲೇ ಮೆಲುಕು ಹಾಕುತ್ತ ಗೋಡೆಗೆ ತೂಗುಹಾಕಿದ್ದ ರಟ್ಟಿನ ಮಾದರಿಗಳನ್ನೆಲ್ಲ ಒಂದು ಸುತ್ತು ನೋಡಿ ಬಂದರು. ತೋಳಿನ ಮಾದರಿಯೊಂದು ಕಂಕುಳಲ್ಲಿ ಬಿಗಿಯುತ್ತದೆಂದು ಹೊಲಿಯುವವರೂ ತೊಡುವವರೂ ಆರು ವರ್ಷದಿಂದ ಗೊಣಗುತ್ತಿದ್ದರು. ಅದನ್ನು ಮಾಡಿದವರು ಸ್ವತಃ ಮಾಸ್ಟರ್ ಆದ್ದರಿಂದ ಯಾರೂ ಗಟ್ಟಿಯಾಗಿ ಹೇಳಿರಲಿಲ್ಲ. ಅದನ್ನು ಇಳಿಸಿ, ಎರಡು ತುಂಡು ಮಾಡಿ, ಹೊಸ ರಟ್ಟು ತರಿಸಿದರು. "ಸಾಯ್ಬೇಕಾದ್ದು ಸತ್ತಿತು. ಏಳಿ, ಕೆಲಸ ನೋಡಿ," ಎಂದರಂತೆ.

ಗ್ರಹಗಳೊಡನೆಯೂ ಅವರದು ಇಂಥದೇ ವ್ಯವಹಾರ. ತಮ್ಮ ರಾಶಿಯಿಂದ ಎಂಟನೆಯ ಮನೆಗೆ, ಅಶುಭವೆನ್ನುವ ಮನೆಗೆ, ಚಂದ್ರ ಬಂದ ಎರಡು ದಿನ ಅವರು ಪ್ರತಿಯೊಂದನ್ನೂ ಎರಡೆರಡು ಸಲ ಅಳೆಯುತ್ತಾರೆ. ನನ್ನ ಗಂಡ ಒಮ್ಮೆ ಮೆಟ್ಟಿಲ ಬಳಿ ಸಿಕ್ಕಿ ಕಿಚಾಯಿಸಿದರು: "ಏನ್ ಮಾಸ್ಟರ್, ಅಷ್ಟು ದೂರದಿಂದ ಚಂದ್ರ ನಿಮ್ಮ ಟೇಪು ಎಳೀತಾನಾ?"

"ಅವನು ಎಳೀತಾನೋ ಇಲ್ವೋ ನಂಗೊತ್ತಿಲ್ಲಪ್ಪ. ತಿಂಗಳಲ್ಲಿ ಎರಡು ದಿನ ಎರಡು ಸಲ ಅಳೆದ್ರೆ ಬಟ್ಟೆಗೇನೂ ನಷ್ಟ ಇಲ್ಲ. ನೀನು ಯಾವ ದಿನ ಅಳೀತೀಯ?"

ಗಂಡ ನಗುತ್ತ ಕೆಳಗಿಳಿದು ಹೋದರು. ಅವರಿಗೆ ನಗಲು ಬರುತ್ತಿತ್ತು; ನನಗೆ ಆ ದಿನಗಳಲ್ಲಿ ಬರುತ್ತಿರಲಿಲ್ಲ. ನಮ್ಮ ಮಗಳಿಗೆ, ಮನೆಯಲ್ಲಿ ಗುಬ್ಬಿ ಎಂದು ಕರೆಯುವ ಆ ಒಂದು ಹಿಡಿ ಜೀವಕ್ಕೆ, ಎರಡು ವರ್ಷ ಒಂಬತ್ತು ತಿಂಗಳು ತುಂಬಿದ್ದರೂ ಮಾತು ಬಂದಿರಲಿಲ್ಲ. "ಮ್ಮ" ಎಂಬ ಒಂದು ಸದ್ದು, ಬೆರಳು ಹಿಡಿದು ಎಳೆಯುವುದು, ಅಷ್ಟೇ. ಅತ್ತೆಯವರು ಧೈರ್ಯ ಹೇಳುತ್ತಿದ್ದರು: "ನಿನ್ನ ಗಂಡನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು. ಬಿಟ್ಟವನು ಇವತ್ತಿಗೂ ಮುಚ್ಚಿಲ್ಲ." ಬಾಗಿಲು ಬಡಿದರೆ ಗುಬ್ಬಿ ತಿರುಗುತ್ತಾಳಲ್ಲ, ಕಿವಿ ಸರಿಯಿದೆ ಎಂದು ಹಗಲೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಳ್ಳುವುದು, ಬೆನ್ನ ಹಿಂದಿನಿಂದ ಕರೆದಾಗ ಅವಳು ಆಡುತ್ತಲೇ ಕುಳಿತರೆ ನನ್ನ ಎದೆಯಲ್ಲಿ ಕಲ್ಲು ಉರುಳುವುದು. ಫೋನಿನಲ್ಲಿ ಮೂವರು ಜ್ಯೋತಿಷಿಗಳನ್ನು ಕೇಳಿದ್ದೆ. ಒಬ್ಬರ ಪ್ರಕಾರ ಮಾತಿನ ಗ್ರಹವಾದ ಬುಧ ದುರ್ಬಲ, ಇನ್ನೊಬ್ಬರ ಬುಧ ಬಲಿಷ್ಠ, ಮೂರನೆಯವರಿಗೆ ಬುಧನ ಗೊಡವೆಯೇ ಇಲ್ಲ. ಕೊನೆಗೆ ಮಕ್ಕಳ ವೈದ್ಯರ ಒತ್ತಾಯಕ್ಕೆ ಕಿವಿಯ ಪರೀಕ್ಷೆಗೆ ದಿನ ಗೊತ್ತುಮಾಡಿಸಿ, ಆ ದಿನ ಹತ್ತಿರವಾದಂತೆಲ್ಲ ಅನ್ನ ಸೇರದವಳಾಗಿ, ಮಾಸ್ಟರ್ ಎದುರು ಹೋಗಿ ನಿಂತೆ.

"ಗುಬ್ಬಿಗೆ ಒಂದು ಕಾರ್ಡು ತೆಗೀರಿ ಮಾಸ್ಟರ್. ಮಾತು ಬರುತ್ತಾ ನೋಡಿ."

"ಬರುತ್ತಾ, ಆಗುತ್ತಾ, ಸಿಗುತ್ತಾ, ಅದೆಲ್ಲ ನನ್ನ ಕಾರ್ಡಿಗೆ ಬರಲ್ಲ," ಎಂದರು. "ಇನ್ನೊಬ್ಬರಿಗೆ ನಾನು ತೆಗೆಯೋದೂ ಇಲ್ಲ. ಗುರುವಾರ ಪರೀಕ್ಷೆ ಇದೆಯಲ್ಲ, ಹೋಗಿ ಬಾ."

ನನಗೆ ಸಿಟ್ಟು ಬಂತು. ಒಂದು ಕಾರ್ಡಿಗೆ ಇಷ್ಟೊಂದು ಬಿಗುಮಾನವೇ ಎನ್ನಿಸಿತು. ಅವರು ಕೆಲಸಕ್ಕೆ ಹೋದಾಗ ಕಿಟಕಿಯ ಗಿಡಗಳಿಗೆ ನೀರು ಹಾಕಲೆಂದು ಬೀಗದ ಕೈ ನನ್ನ ಬಳಿಯೇ ಇರುತ್ತಿತ್ತು. ಬುಧವಾರ ಹನ್ನೊಂದು ಗಂಟೆಗೆ ಗುಬ್ಬಿಯನ್ನು ಸೊಂಟಕ್ಕೇರಿಸಿ ಒಳಹೊಕ್ಕವಳು ಗಿಡಗಳ ಕಡೆ ನೋಡಲೇ ಇಲ್ಲ. ಕಾರ್ಡು ಸುತ್ತಿಟ್ಟಿದ್ದ ಬಟ್ಟೆಯ ತುಂಡನ್ನು ಬಿಚ್ಚಿ, ಬಲಗೈಯಿಂದಲೇ, ಒಂದನ್ನು ಎಳೆದೆ: ಸಿಡಿಲಿಗೆ ಕುಸಿಯುವ ಗೋಪುರ. ಕಾರ್ಡುಗಳನ್ನು ಸರಿಯಾಗಿ ಕಲಸಿಲ್ಲವೆಂದು ಇನ್ನೊಂದು. ಮನಸ್ಸು ಏಕಾಗ್ರವಾಗಿರಲಿಲ್ಲವೆಂದು ಮತ್ತೊಂದು. ಕತ್ತಿ, ಕತ್ತಲೆ, ತಲೆಕೆಳಗಾಗಿ ತೂಗುವ ಮನುಷ್ಯ. ಹೀಗೆ ಎಳೆಯುತ್ತ ಎಳೆಯುತ್ತ ಕಡೆಗೊಮ್ಮೆ ಸೂರ್ಯನ ಕಾರ್ಡು ಬಂತು. ಬಿಳಿ ಕುದುರೆಯ ಮೇಲೆ ಎರಡೂ ಕೈ ಚಾಚಿ ನಗುವ ಪುಟ್ಟ ಮಗು! ಅದು ಗುಬ್ಬಿಯೇ ಎಂದು ನನಗೆ ಸಂಶಯವೇ ಉಳಿಯಲಿಲ್ಲ. ಹಗುರಾಗಿ ಮನೆಗೆ ಬಂದವಳು ಆಸ್ಪತ್ರೆಗೆ ಫೋನು ಮಾಡಿ, ಮಗುವಿಗೆ ಶೀತವಾಗಿದೆ, ಬರಲಾಗುವುದಿಲ್ಲ ಎಂದು ಹೇಳಿಬಿಟ್ಟೆ. ಆ ದಿನ ಹೊಟ್ಟೆ ತುಂಬ ಉಂಡೆ.

ಶನಿವಾರ ಸಂಜೆ ಮಾಸ್ಟರ್ ಬಂದರು. ಗುಬ್ಬಿ ನೆಲದ ಮೇಲೆ ಡಬ್ಬಿಯ ಮುಚ್ಚಳಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು.

"ಪರೀಕ್ಷೆ ಏನಾಯ್ತು?"

"ಮುಂದಕ್ಕೆ ಹಾಕಿಸ್ದೆ. ಶೀತ ಇತ್ತು."

ಮಾಸ್ಟರ್ ಬಗ್ಗಿ ಗುಬ್ಬಿಯ ಮೂಗನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನಗೆ ತಡೆಯಲಾಗಲಿಲ್ಲ.

"ಸೂರ್ಯ ಬಂದಿತ್ತು ಮಾಸ್ಟರ್."

"ಎಷ್ಟನೇ ಸಲಕ್ಕೆ?"

ಯಾರ ಕಾರ್ಡು, ಯಾವಾಗ, ಯಾಕೆ ಎಂದೊಂದೂ ಕೇಳಲಿಲ್ಲ. ನೇರವಾಗಿ ಇದೊಂದನ್ನೇ ಕೇಳಿದರು. ನಾನು ತಲೆ ತಗ್ಗಿಸಿ, "ಹನ್ನೊಂದನೇ ಸಲಕ್ಕೆ," ಎಂದೆ. ಅವರು ಮೊದಲು ಗಟ್ಟಿಯಾಗಿ ನಕ್ಕರು. ಆಮೇಲೆ ನಗು ಥಟ್ಟನೆ ನಿಂತಿತು.

"ಬೇಕಾದ ಅಳತೆ ಬರೋವರೆಗೂ ಟೇಪು ಎಳೀತಾ ಇದ್ರೆ ಅದು ಅಳತೆ ಅಲ್ಲ ಕಣೇ, ಆಸೆ. ಅದನ್ನ ನಂಬಿ ನೀನು ಕತ್ತರಿ ಹಾಕ್ದೆ. ಹೋಗ್ಲಿ ಬಿಡು, ನಿನಗೆ ಭಯ ಯಾವುದು? ಮಾತು ಬರಲ್ಲ ಅಂತಲೋ, ಕಿವಿ ಕೇಳಲ್ಲ ಅಂತ ಯಾರಾದ್ರೂ ಹೇಳಿಬಿಡ್ತಾರೆ ಅಂತಲೋ?"

ನಾನು ಅಳತೊಡಗಿದೆ. ಎರಡನೆಯದೇ ಎಂದು ಇಬ್ಬರಿಗೂ ತಿಳಿಯಿತು.

"ಅತ್ತುಕೊಂಡೇ ಫೋನು ಮಾಡು. ಅಳು ಬಂತು ಅಂತ ಬೆರಳೇನೂ ನಿಲ್ಲಲ್ಲ."

ಫೋನು ಮಾಡಿದೆ. ಮುಂದಿನ ದಿನ ಸಿಗುವುದು ಏಳು ವಾರದ ನಂತರ ಎಂದು ಆ ಕಡೆಯ ಹುಡುಗಿ ತಣ್ಣಗೆ ಹೇಳಿದಳು. ಹನ್ನೊಂದು ಸಲ ಎಳೆದ ಒಂದು ನಗುಮುಖದ ಬೆಲೆ ಏಳು ವಾರ! ಮಾಸ್ಟರ್ ಆಗಲೇ ಎದ್ದು ನಿಂತಿದ್ದರು. "ಏಳು ವಾರ ಯಾರು ಕಾಯ್ತಾರೆ? ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೋಗಿ ಬಾಗಿಲಲ್ಲೇ ಕೂರೋಣ. ಯಾರಾದ್ರೂ ಒಬ್ಬರು ಬರದೇ ಇದ್ದೇ ಇರ್ತಾರೆ, ನಿನ್ನ ಹಾಗೆ."

ಸೋಮವಾರ ಎಲ್ಲರೂ ಬಂದರು. ಮಂಗಳವಾರವೂ ಎಲ್ಲರೂ ಬಂದರು. ಕಾರ್ಖಾನೆಗೆ ಅಪರೂಪಕ್ಕೂ ರಜೆ ಹಾಕದ ಆ ಹೆಂಗಸು ಮೂರನೆಯ ಬೆಳಿಗ್ಗೆಯೂ ನೀಲಿ ಕೋಟಿನಲ್ಲೇ ಆಸ್ಪತ್ರೆಯ ಬೆಂಚಿನ ಮೇಲೆ ನೆಟ್ಟಗೆ ಕುಳಿತು, ಗುಬ್ಬಿಗೆ ಚಾಕ್‌ಪೀಸಿನಿಂದ ನೆಲದ ಮೇಲೆ ಕುದುರೆ ಬರೆದುಕೊಟ್ಟು, ಗುಡಿಸುವವಳಿಂದ ಬೈಸಿಕೊಂಡು, ಬೈದವಳಿಂದಲೇ ಬಟ್ಟೆ ಇಸಿದುಕೊಂಡು ಒರೆಸಿದರು. ನನಗೆ ಓಡಿ ಹೋಗಬೇಕೆನ್ನಿಸುತ್ತಿತ್ತು. ಅವರು ದಾರಿಗೆ ಅಡ್ಡ ಕುಳಿತಿದ್ದರು. ಹತ್ತು ಗಂಟೆಗೆ ಒಳಗಿನಿಂದ ಕರೆ ಬಂತು. ಯಾರೋ ಬಂದಿರಲಿಲ್ಲ.

ಹೊರಗಿನ ಸದ್ದು ಸುಳಿಯದ ಪುಟ್ಟ ಕೋಣೆ. ಗುಬ್ಬಿ ನನ್ನ ತೊಡೆಯ ಮೇಲೆ, ಮಾಸ್ಟರ್ ಬಾಗಿಲ ಬಳಿಯ ಕುರ್ಚಿಯಲ್ಲಿ. ಎರಡು ಬದಿಗೆ ಎರಡು ಸ್ಪೀಕರು. ಸದ್ದು ಬಂದ ಕಡೆ ಮಗು ತಿರುಗಿದರೆ ಅಲ್ಲಿರುವ ಗೊಂಬೆಯ ಹೊಟ್ಟೆಯಲ್ಲಿ ದೀಪ ಹೊತ್ತಿಕೊಳ್ಳುತ್ತದೆ. ಗುಡುಗಿನಂಥ ಸದ್ದಿಗೆ ಅವಳು ತಿರುಗಿದಳು, ದೀಪ ಹೊತ್ತಿತು, ಕೇಕೆ ಹಾಕಿದಳು. ಸದ್ದು ತೆಳುವಾಗಿ, ಮೊನಚಾಗಿ, ಹಕ್ಕಿಯ ದನಿಯಷ್ಟು ಎತ್ತರಕ್ಕೆ ಹೋಯಿತು. ನನ್ನ ಕಿವಿಯನ್ನು ಚುಚ್ಚುವಷ್ಟು ಸ್ಪಷ್ಟವಾಗಿ ಕೇಳುತ್ತಿದ್ದ ಆ ಸದ್ದಿಗೆ ಮಗು ನನ್ನ ಬಳೆಯನ್ನು ತಿರುಗಿಸುತ್ತ ಕುಳಿತೇ ಇದ್ದಳು. ಗೊಂಬೆ ಕತ್ತಲೆಯಲ್ಲೇ ಉಳಿಯಿತು.

ಕಿವಿಯ ಪರೀಕ್ಷೆ ಮಾಡುವಾಕೆ ಕಾಗದದ ಮೇಲಿನ ಗೆರೆ ತೋರಿಸಿ ಹೇಳಿದರು: "ದಪ್ಪ ಸದ್ದು ಕೇಳುತ್ತೆ. ಅದಕ್ಕೇ ನಿಮಗೆ ಗೊತ್ತಾಗಿಲ್ಲ. ಮಾತಿನಲ್ಲಿ ಅರ್ಧ ಅಕ್ಷರ ಇವಳಿಗೆ ತಲುಪೋದೇ ಇಲ್ಲ. ಎರಡೂ ಕಿವಿಗೆ ಯಂತ್ರ ಬೇಕು, ಮಾತಿನ ತರಬೇತಿ ಬೇಕು."

ನಾನು ಹೆದರಿದ್ದ ಮಾತು ಅದೇ. ಅದು ಬಂದು ಎದುರಿಗೆ ಕುಳಿತಾಗ ಮಾಸ್ಟರ್ ಕಡೆ ನೋಡಿದೆ. ಅವರ ಮುಖವೂ ಬಿಳಿಚಿಕೊಂಡಿತ್ತು. ಅವರಿಗೂ ಸೂರ್ಯನೇ ಬೇಕಾಗಿದ್ದನೆಂದು ಆಗ ಅರಿತೆ. ಆದರೆ ಅವರು, "ಸರಿ. ನಾಳೆ ಬೆಳಿಗ್ಗೆಯಿಂದ ಏನು ಮಾಡ್ಬೇಕು, ಒಂದೊಂದಾಗಿ ಹೇಳಿ," ಎಂದರು.

ಈಗ ನಾಲ್ಕು ತಿಂಗಳಾಯಿತು. ದಿನಾ ಬೆಳಿಗ್ಗೆ ಯಂತ್ರಗಳನ್ನು ಗುಬ್ಬಿಯ ಕಿವಿಗೆ ಹಾಕುತ್ತೇನೆ, ಅವಳು ಕಿತ್ತೆಸೆಯುತ್ತಾಳೆ, ಮತ್ತೆ ಹಾಕುತ್ತೇನೆ. ಮೊನ್ನೆ ನಲ್ಲಿಯ ಹನಿಗೆ ಅವಳು ತಲೆಯೆತ್ತಿದಳು. ಪದ ಇನ್ನೂ ಬಂದಿಲ್ಲ. ಬರುತ್ತದೆಯೇ ಎಂದು ಕೇಳುವುದನ್ನು ನಾನು ಪೂರ್ತಿ ಬಿಟ್ಟಿದ್ದೇನೆಂದು ಹೇಳಿದರೆ ಸುಳ್ಳಾಗುತ್ತದೆ. ಯಂತ್ರ ಹಾಕಿಯಾದ ಮೇಲೆ ಕೇಳಿಕೊಳ್ಳುತ್ತೇನೆ.

ಮಾಸ್ಟರಂಥವರು ಪ್ರತಿಯೊಂದು ಬೀದಿಯಲ್ಲೂ ಒಬ್ಬರಾದರೂ ಇರುತ್ತಾರೆ. ಓದಿದ ನಾವು ಅವರನ್ನು ಮೂಢರ ಪಟ್ಟಿಗೆ ಸುಲಭವಾಗಿ ಸೇರಿಸಿ ಮುಂದೆ ಹೋಗುತ್ತೇವೆ. ಬೆಳಗಾದರೆ "ಇವತ್ತೇನು ಮಾಡ್ತೀ?" ಎಂದು ಕೇಳುವ ಒಂದು ದನಿ ಮನೆಯಲ್ಲಿಲ್ಲದವರು ಅವರು. ಆ ಕೇಳುವ ಕೆಲಸಕ್ಕೆ ನೆರೆಯವರನ್ನು ಗೋಳು ಹೊಯ್ದುಕೊಳ್ಳದೆ ಹಳೆಯ ಚಿತ್ರಗಳನ್ನೂ ದೂರದ ಗ್ರಹಗಳನ್ನೂ ನೇಮಿಸಿಕೊಂಡಿರುತ್ತಾರೆ. ಉತ್ತರ ಅಲ್ಲಿಂದ ಬರುವುದಿಲ್ಲವೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಉತ್ತರಕ್ಕಾಗಿ ಆಕಾಶವನ್ನು ಪೀಡಿಸುವವರು ನನ್ನಂಥ ಭಯಸ್ಥರು. ಇಂಥವರು ಅಲ್ಲಿಂದ ಪ್ರಶ್ನೆಯನ್ನಷ್ಟೇ ಇಸಿದುಕೊಂಡು, ಉಳಿದದ್ದನ್ನು ತಮ್ಮ ಹೆಗಲಿಗೇ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಡುತ್ತಾರೆ.