ಎಣ್ಣೆಯಲ್ಲಿ ಓಡುವ ಬೆಲ್ಟು

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಗ್ಯಾರೇಜಿನ ಯಜಮಾನರ ಮಗಳನ್ನು ಮದುವೆಯಾಗಿ, ಗ್ಯಾರೇಜಿನ ಮೇಲಿನ ಮನೆಯಲ್ಲೇ ಸಂಸಾರ ಹೂಡಿದ್ದರಿಂದ ಎಲ್ಲರಿಗೂ ಅವನು ಅಳಿಯ. ಎದುರಿನ ಪಂಕ್ಚರ್ ಅಂಗಡಿಯವನಿಗೂ ಅಳಿಯ, ಕಾರು ಬಿಡಲು ಬರುವ ಗಿರಾಕಿಗಳಿಗೂ ಅಳಿಯಂದ್ರು. "ಊರಿಗೆಲ್ಲ ಅಳಿಯನಾದೆ, ಒಂದು ಕಡೆಯಿಂದಲೂ ಉಪಚಾರ ಇಲ್ಲ" ಎಂದು ಮೊದಮೊದಲು ಅವನೇ ನಗುತ್ತಿದ್ದ. ಆರು ವರ್ಷವಾಗುವ ಹೊತ್ತಿಗೆ ಆ ತಮಾಷೆ ಅವನಿಗೇ ಹಳಸಿಹೋಗಿತ್ತು.

ಮನೆಗೆ ಹತ್ತುವ ಮೆಟ್ಟಿಲು ಇದ್ದದ್ದು ಗ್ಯಾರೇಜಿನ ಒಳಗೆ, ಮಾವನ ಮೇಜಿನ ಪಕ್ಕದಲ್ಲಿ. ಬೇರೆ ದಾರಿಯಿಲ್ಲ. ಹಾಲು ತರಲು ಹೊರಟರೂ, ಕ್ಷೌರಕ್ಕೆ ಹೊರಟರೂ ಮಾವನ ಕನ್ನಡಕದ ಮುಂದೆ ಹಾದೇ ಹೋಗಬೇಕು. ಹಾಗೆಂದು ಮಾವ ಕೆಟ್ಟವರಲ್ಲ. ಹಿಂದೆಮುಂದೆ ಯಾರೂ ಇಲ್ಲದ ಹುಡುಗನನ್ನು ಕರೆದು ಕೆಲಸ ಕೊಟ್ಟವರು, ಮಗಳನ್ನೂ ಕೊಟ್ಟವರು. ಅವನನ್ನು ಎಂದೂ ಏಕವಚನದಲ್ಲಿ ಕರೆದವರಲ್ಲ. "ಅಳಿಯಂದ್ರೆ, ಆ ನೀಲಿ ಕಾರಿನ ಎಣ್ಣೆ ಬದಲಾಯಿಸಿಬಿಡಿ" ಎನ್ನುತ್ತಿದ್ದರು. ಆ ಬಹುವಚನಕ್ಕೆ ಎದುರಾಡುವುದು ಬೈಗುಳಕ್ಕೆ ಎದುರಾಡುವುದಕ್ಕಿಂತ ಕಷ್ಟ.

ತೊಂದರೆ ಇದ್ದದ್ದು ಆ ಎಣ್ಣೆಯಲ್ಲೇ.

ಮಾವ ಹಳೆಯ ಕಾರ್ಬ್ಯುರೇಟರ್ ಕಾಲದ ಮನುಷ್ಯ. ಕಿವಿಗೊಟ್ಟು ಕೇಳಿಯೇ ಇಂಜಿನ್ನಿನ ರೋಗ ಹೇಳುತ್ತಿದ್ದರು. ಗ್ಯಾರೇಜಿನ ಮೂಲೆಯಲ್ಲಿ ದಪ್ಪ ಎಣ್ಣೆಯ ಪೀಪಾಯಿ. ಬಂದ ಕಾರಿಗೆಲ್ಲ ಅದೇ. ಈಗೀಗ ಬರುತ್ತಿದ್ದ ಚಿಕ್ಕ ಟರ್ಬೊ ಕಾರುಗಳಿಗೆ ಅದು ಆಗದೆಂದು ಅಳಿಯ ಒಂದೆರಡು ಸಲ ಬಾಯಿಬಿಟ್ಟಿದ್ದ. ಕಂಪನಿಯ ತರಬೇತಿಗೆ ಎರಡು ವಾರ ಹೋಗಿಬಂದವನು ಅವನು. ಮೂರೇ ಸಿಲಿಂಡರಿನ, ಒಂದೇ ಲೀಟರಿನ ಇಂಜಿನ್. ಅದರ ಪಕ್ಕದಲ್ಲಿ ಕೂತ ಟರ್ಬೊ, ಹೊರಹೋಗುವ ಹೊಗೆಯ ರಭಸಕ್ಕೇ ತಿರುಗಿ, ಗಾಳಿಯನ್ನು ಅದುಮಿ ಒಳಗೆ ತುಂಬಿ, ಚಿಕ್ಕದರಿಂದ ದೊಡ್ಡದರ ಕೆಲಸ ತೆಗೆಯುತ್ತದೆ. ನಿಮಿಷಕ್ಕೆ ಎರಡು ಲಕ್ಷ ಸುತ್ತು. ಅಷ್ಟು ಸುತ್ತನ್ನು ಹೊತ್ತು ನಿಲ್ಲಿಸುವುದು ಕೂದಲೆಳೆಯಷ್ಟು ಎಣ್ಣೆಯ ಪದರ. ಸಾಲದ್ದಕ್ಕೆ ಈ ಇಂಜಿನ್ನಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವ ಟೈಮಿಂಗ್ ಬೆಲ್ಟು ಓಡುವುದೂ ಎಣ್ಣೆಯೊಳಗೇ. ಕಂಪನಿ ಹೇಳಿದ ಎಣ್ಣೆ ಹಾಕಿದರೆ ಅದು ವರ್ಷಗಟ್ಟಲೆ ಬಾಳುತ್ತದೆ. ಬೇರೆಯದು ಬಿದ್ದರೆ ರಬ್ಬರು ಊದಿಕೊಳ್ಳುತ್ತದೆ, ಅಂಚು ಹರಿಯುತ್ತದೆ, ಚೂರುಗಳು ತಳಕ್ಕಿಳಿದು ಎಣ್ಣೆ ಹೀರುವ ಜಾಲರಿಗೆ ಅಡ್ಡ ಕೂರುತ್ತವೆ. ಆಮೇಲೆ ಟರ್ಬೊಗೂ ಎಣ್ಣೆಯಿಲ್ಲ, ಇಂಜಿನ್ನಿಗೂ ಇಲ್ಲ.

ಮಾವ ಇದನ್ನೆಲ್ಲ ಸಮಾಧಾನದಿಂದ ಕೇಳಿ, ಪೀಪಾಯಿಯ ನಲ್ಲಿಗೆ ಬೆರಳೊಡ್ಡಿ, ಅವನ ಮೂಗಿನ ಮುಂದೆ ಹಿಡಿದಿದ್ದರು.

"ನೋಡಿ, ಬೆರಳಿಗೆ ಅಂಟ್ಕೊಂಡಿದೆ. ಇದು ಎಣ್ಣೆ. ನೀವು ಹೇಳ್ತಿರೋದು ಬಣ್ಣದ ನೀರು. ಮೂವತ್ತೆಂಟು ವರ್ಷದಲ್ಲಿ ನನ್ನ ಎಣ್ಣೆಯಿಂದ ಯಾವ ಇಂಜಿನ್ ನಿಂತಿದೆ, ಹೇಳಿ."

ಅಳಿಯ ಪೀಪಾಯಿಯ ಎಣ್ಣೆಯನ್ನೇ ಸುರಿದ. ಅಷ್ಟೇ ಆಗಿದ್ದರೆ ಬೇರೆ ಮಾತು. ಪ್ರತಿ ಕಾರಿನ ಸರ್ವಿಸ್ ಪುಸ್ತಕದಲ್ಲಿ "ಕಂಪನಿ ಹೇಳಿದ ಎಣ್ಣೆ ಹಾಕಲಾಗಿದೆ" ಎಂಬ ಸಾಲಿನ ಕೆಳಗೆ ಸಹಿ ಹಾಕುತ್ತಿದ್ದವನೂ ಅವನೇ. ಮಾವನಿಗೆ ಕೈ ನಡುಗುತ್ತಿತ್ತು; ಬರೆಯುವ ಕೆಲಸವೆಲ್ಲ ಅವನ ಪಾಲಿಗೆ ಬಂದಿತ್ತು.

ಕೆಂಪು ಬಣ್ಣದ ಒಂದು ಚಿಕ್ಕ ಟರ್ಬೊ ಕಾರು ನರ್ಸಮ್ಮನದು. ಐವತ್ತು ದಾಟಿದ ಹೆಂಗಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಕಟ್ಟಿ, ಮೈ ಒರೆಸಿ ಬರುವುದು ಆಕೆಯ ಕೆಲಸ. ಇಂಜಿನ್ನನ್ನು ಆಕೆ ರೋಗಿಯಷ್ಟೇ ಜೋಪಾನವಾಗಿ ನೋಡಿಕೊಳ್ಳುತ್ತಿದ್ದಳು. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಜೋರಾಗಿ ಎಳೆಯಬೇಡಿ ಎಂದು ಅಳಿಯ ಹೇಳಿದ್ದ, ಎಳೆಯುತ್ತಿರಲಿಲ್ಲ. ನಿಧಾನ ಇರುವಾಗ ಮೇಲಿನ ಗೇರಿನಲ್ಲಿ ಗೋಳಾಡಿಸಬೇಡಿ ಎಂದಿದ್ದ, ಗೇರು ಇಳಿಸುತ್ತಿದ್ದಳು. ದೂರ ಓಡಿಸಿ ಬಂದಾಗ ಟರ್ಬೊ ತಣಿಯಲಿ, ಅರ್ಧ ನಿಮಿಷ ಬಿಟ್ಟು ಆಫ್ ಮಾಡಿ ಎಂದಿದ್ದ. ಗ್ಯಾರೇಜಿಗೆ ಬಂದಾಗಲೂ ಸೀಟಿನಲ್ಲೇ ಕೂತು, ನಾಡಿ ಹಿಡಿದವಳ ಹಾಗೆ ಗಡಿಯಾರ ನೋಡಿ, ಮೂವತ್ತು ಎಣಿಸಿಯೇ ಕೀಲಿ ತಿರುಗಿಸುತ್ತಿದ್ದಳು.

ಒಂದು ಬೆಳಗ್ಗೆ ಬಂದು, "ತಿರುವಿನಲ್ಲಿ ಮೀಟರಿನ ಹತ್ರ ಆ ಎಣ್ಣೆ ಡಬ್ಬಿ ಚಿತ್ರದ ದೀಪ ಮಿಣುಕ್ ಅಂದು ಆರ್ತಿದೆ" ಎಂದಳು.

ಅಳಿಯ ಬಾನೆಟ್ಟೆತ್ತಿ, ಎಣ್ಣೆ ಹಾಕುವ ಮುಚ್ಚಳ ಬಿಚ್ಚಿ, ಟಾರ್ಚು ಹಿಡಿದ. ಆ ಕಂಡಿಯಿಂದ ಬೆಲ್ಟು ಒಂದಿಷ್ಟು ಕಾಣುತ್ತದೆ. ಅಂಚೆಲ್ಲ ನಾರುನಾರು. ಅಗಲ ಅಳೆಯುವ ಪಟ್ಟಿಯನ್ನು ಇಳಿಸಿದ. ಬೆಲ್ಟು ಅದರೊಳಗೆ ಕೂರಲೇ ಇಲ್ಲ. ಅಷ್ಟು ಊದಿತ್ತು. ಮೂರು ಸಲ ಈ ಇಂಜಿನ್ನಿಗೆ ಎಣ್ಣೆ ಸುರಿದ ಕೈ ಇದೇ.

"ಏನಂತೆ?" ಎಂದು ಮಾವ ಮೇಜಿನಿಂದಲೇ ಕೇಳಿದರು.

ನರ್ಸಮ್ಮ ಅವನ ಮುಖ ನೋಡುತ್ತಿದ್ದಳು. ಮಾವನೂ ನೋಡುತ್ತಿದ್ದರು.

"ಸೆನ್ಸರ್ ಇರ್ಬೇಕು" ಎಂದ ಅಳಿಯ. "ಎಣ್ಣೆ ಬದಲಾಯಿಸಿ ಕೊಡ್ತೀನಿ, ಓಡಿಸಿ ನೋಡಿ."

ಮಾವ ಊಟಕ್ಕೆ ಹತ್ತಿದಾಗ ಓಡಿಹೋಗಿ ಸರಿಯಾದ ತೆಳು ಎಣ್ಣೆಯ ಡಬ್ಬಿ ತಂದು ಹಾಕಿದ. ಖಾಲಿ ಡಬ್ಬಿಯನ್ನು ಪಂಕ್ಚರ್ ಅಂಗಡಿಯ ಕಸದಲ್ಲಿ ಹುಗಿದ. ಅದರಿಂದ ಏನೂ ಆಗದೆಂದು ಅವನಿಗೆ ಗೊತ್ತಿತ್ತು. ಹರಿದ ರಬ್ಬರು ಎಣ್ಣೆ ಬದಲಾಯಿಸಿದರೆ ಕೂಡಿಕೊಳ್ಳುವುದಿಲ್ಲ.

ರಾತ್ರಿ ಹೆಂಡತಿ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಎಲ್ಲವನ್ನೂ ಅವಳ ಮುಂದೆ ಹೇಳಿದ.

"ಅಪ್ಪನಿಗೆ ಹೇಳಿ" ಎಂದಳು.

"ನೀನೇ ಹೇಳು."

ಅವಳು ದಿಂಬಿನ ಚೀಲವನ್ನು ಮಡಚಿದ್ದನ್ನೇ ಮತ್ತೆ ಬಿಡಿಸಿ ಮಡಚಿದಳು. "ಚಿಕ್ಕವಳಿದ್ದಾಗಿಂದ ಈ ಮನೇಲಿ ಅಪ್ಪ ತಪ್ಪು ಅಂತ ಯಾರೂ ಹೇಳಿಲ್ಲ ರೀ. ಹೇಗೆ ಹೇಳ್ಬೇಕು ಅಂತಾನೇ ನನಗೆ ಗೊತ್ತಿಲ್ಲ."

"ಹಾಗಾದ್ರೆ ಇಬ್ಬರೂ ಒಂದೇ ದೋಣೀಲಿದ್ದೀವಿ."

"ಆ ನರ್ಸಮ್ಮನೂ ಇದ್ದಾರೆ" ಎಂದಳು ಹೆಂಡತಿ. "ಅವರಿಗೆ ಗೊತ್ತಿಲ್ಲ, ಅಷ್ಟೇ."

ಅದಾಗಿ ಮೂರು ವಾರ ಅಳಿಯ ಅಡಕತ್ತರಿಯಲ್ಲಿ ಸಿಕ್ಕವನ ಹಾಗೆ ಕಳೆದ. ಫೋನು ರಿಂಗಾದರೆ ಬೆಚ್ಚುವನು. ಎರಡು ಸಲ ನರ್ಸಮ್ಮನ ನಂಬರು ಒತ್ತಿ, ಆ ಕಡೆ ರಿಂಗಾಗುವ ಮೊದಲೇ ಕತ್ತರಿಸಿದ. ಒಮ್ಮೆ ಮಾವನ ಮೇಜಿನ ಮುಂದೆ ಹೋಗಿ ನಿಂತೂ ನಿಂತ. "ಏನು ಅಳಿಯಂದ್ರೆ?" ಎಂದಾಗ, "ಹತ್ತು ನಂಬರಿನ ಪಾನಾ ಕಾಣಿಸ್ತಿಲ್ಲ" ಎಂದುಬಿಟ್ಟ. ಪಾನಾ ಅವನ ಕೈಯಲ್ಲೇ ಇತ್ತು. ಮಾವ ಅದನ್ನು ನೋಡಿದರು.

ನಾಲ್ಕನೆಯ ವಾರದ ಮೊದಲ ದಿನ, ಮಟಮಟ ಮಧ್ಯಾಹ್ನ, ಫೋನು ಬಂತು. ಕಾರು ಉದ್ದ ಸೇತುವೆಯ ನಟ್ಟನಡುವೆ ನಿಂತಿತ್ತು. ದೀಪ ಕೆಂಪಗೆ ಹತ್ತಿ, ಏನೋ ಕಿರ್ರೆಂದು, ಸದ್ದೇ ಅಡಗಿತಂತೆ.

ಮಾವ ಜೀಪು ತೆಗೆದರು; ಅಳಿಯ ಹಗ್ಗ ಹಾಕಿಕೊಂಡ. ಆ ಸೇತುವೆಗೆ ಪಕ್ಕಕ್ಕೆ ಸರಿಯಲು ಒಂದು ಮೊಳ ಜಾಗವಿಲ್ಲ. ಒಂದು ಕಡೆ ಕಬ್ಬಿಣದ ಕಟಾಂಜನ ಬಾಗಿಲಿಗೆ ಒತ್ತಿಕೊಂಡಿತ್ತು, ಇನ್ನೊಂದು ಕಡೆ ಲಾರಿಗಳು ಕನ್ನಡಿ ಸವರಿಕೊಂಡು ಹೋಗುತ್ತಿದ್ದವು. ನರ್ಸಮ್ಮ ಮುಕ್ಕಾಲು ಗಂಟೆ ಬಾಗಿಲು ತೆರೆಯಲಾಗದೆ ಒಳಗೇ ಕೂತಿದ್ದಳು. ಪೊಲೀಸಿನವನು ಗಾಡಿಗಳನ್ನು ತಡೆದ ಮೇಲೆ ಅಳಿಯ ಹಗ್ಗ ಬಿಗಿದು ಡ್ರೈವರ್ ಸೀಟಿಗೆ ಕೂತ. ಆಕೆ ಪಕ್ಕಕ್ಕೆ ಸರಿದಳು. ಬಗಲಲ್ಲಿ ಪಟ್ಟಿ ಬಟ್ಟೆಯ ಚೀಲವನ್ನು ಅವುಚಿಕೊಂಡೇ ಇದ್ದಳು.

ಸತ್ತ ಇಂಜಿನ್ನಿನ ಕಾರು ಬೇರೆಯೇ ಪ್ರಾಣಿ. ಸ್ಟೀರಿಂಗು ಕಲ್ಲಾಗಿತ್ತು. ಬ್ರೇಕಿನ ಮೇಲೆ ನಿಂತುಕೊಂಡಂತೆ ತುಳಿದರೆ ಮಾತ್ರ ಒಂದಿಷ್ಟು ಹಿಡಿಯುತ್ತಿತ್ತು. ನಾಲ್ಕು ಮಾರು ಹಗ್ಗದ ಆ ತುದಿಯಲ್ಲಿ ಮಾವ. ಜೀಪಿನ ಕನ್ನಡಿಯಲ್ಲಿ ಅವರ ಕಣ್ಣು ಕಾಣುತ್ತಿತ್ತು; ಮಾತು ಅಲ್ಲಿಗೆ ಮುಟ್ಟುವಂತಿರಲಿಲ್ಲ. ಅವರು ಎಳೆದಲ್ಲಿಗೆ ಹೋಗಬೇಕು, ಅವರು ನಿಂತಲ್ಲಿ ನಿಲ್ಲಬೇಕು.

"ನಾನು ಏನಾದ್ರೂ ತಪ್ಪು ಮಾಡಿದ್ನಾ?" ಎಂದು ನರ್ಸಮ್ಮ ಕೇಳಿದಳು. "ನಿನ್ನೆ ಅವಸರದಲ್ಲಿ ಮೂವತ್ತು ಎಣಿಸೋದು ಮರೆತೆ."

ಅಳಿಯನಿಗೆ ಅಲ್ಲಿಂದ ಮುಂದೆ ತಡೆಯಲಾಗಲಿಲ್ಲ.

"ನಿಮ್ಮ ತಪ್ಪಲ್ಲ. ನಾವು ಹಾಕಿದ ಎಣ್ಣೆ ತಪ್ಪು. ಮೂರು ಸಲವೂ ತಪ್ಪು. ಬೆಲ್ಟು ಹರಿದು ಚೂರಾಗಿ ಜಾಲರಿ ಕಟ್ಟಿದೆ."

"ಇದು ಯಾವಾಗ ಗೊತ್ತಾಯ್ತು?"

"ನೀವು ದೀಪ ಮಿಣುಕ್ತಿದೆ ಅಂತ ಬಂದ್ರಲ್ಲ, ಆವತ್ತೇ."

ಸೇತುವೆ ಮುಗಿಯಿತು, ಇಳಿಜಾರಿನಲ್ಲಿ ಅಳಿಯ ಎರಡೂ ಕಾಲಿಂದ ಬ್ರೇಕು ತುಳಿದ.

"ನಾನು ಹೊರಟಿದ್ದ ಮನೇಲಿ ಒಬ್ಬಜ್ಜಿ ಹುಣ್ಣಿನ ಬೆನ್ನು ತೆರೆದುಕೊಂಡು ಮಗ್ಗುಲಾಗಿ ಮಲಗಿದಾಳೆ" ಎಂದಳು ಕೊನೆಗೆ. "ನಾನು ಹೋಗಿ ಹೊರಳಿಸೋವರೆಗೂ ಹಾಗೇ ಇರ್ತಾಳೆ." ಮುಂದಿನ ಜೀಪಿನ ಕಡೆ ನೋಡಿ, "ಯಜಮಾನರಿಗೆ ಗೊತ್ತಾ?"

"ಇಲ್ಲ."

"ನಾನು ಹೇಳಲ್ಲ. ಅದು ನಿಮ್ಮ ಕೆಲಸ. ಆದ್ರೆ ಇವತ್ತೇ ಹೇಳಿ."

ಗ್ಯಾರೇಜು ಮುಟ್ಟಿದ ಮೇಲೆ ಆಕೆ ಬಾಡಿಗೆ ಆಟೋ ಹಿಡಿದು ಅಜ್ಜಿಯ ಮನೆಗೆ ಹೊರಟಳು. ಅಳಿಯ ಕಾರನ್ನು ಲಿಫ್ಟಿಗೆ ಏರಿಸಿ, ತಳದ ಎಣ್ಣೆಬಟ್ಟಲು ಬಿಚ್ಚಿದ. ಜಾಲರಿಯ ತುಂಬ ಕಪ್ಪು ಕೆಸರು, ಅದರೊಳಗೆ ರಬ್ಬರಿನ ಎಳೆಗಳು. ಅದನ್ನು ಹಾಗೇ ಮಾವನ ಮೇಜಿನ ಮೇಲೆ, ರಸೀತಿ ಪುಸ್ತಕದ ಪಕ್ಕ ಇಟ್ಟ.

"ಇದು ನಮ್ಮ ಪೀಪಾಯಿ ಎಣ್ಣೆಯ ಕೆಲಸ ಮಾವ. ನೀವು ಹಾಕು ಅಂದ್ರಿ, ನಾನು ಹಾಕಿದೆ. ಹಾಕಬಾರದು ಅಂತ ನನಗೆ ಗೊತ್ತಿತ್ತು."

ಮಾವ ಎಳೆಯೊಂದನ್ನು ಕಿತ್ತು, ಎರಡು ಬೆರಳ ನಡುವೆ ಹೊಸೆದರು. ಅದು ಬೆಲ್ಲದ ಹಾಗೆ ಕರಗಿ ಮಸಿಯಾಯಿತು. ಬಹಳ ಹೊತ್ತು ಹೊಸೆದರು. ಮೆಟ್ಟಿಲ ಮೇಲೆ ಹೆಂಡತಿ ಬಂದು ನಿಂತಿದ್ದಳು.

"ಗೊತ್ತಿದ್ದೂ ಸಹಿ ಹಾಕಿದ್ರಿ" ಎಂದರು ಮಾವ. ಅಷ್ಟೇ.

ಅಪ್ಪ ಎದ್ದು ಮೇಲೆ ಹತ್ತಲು ಬಂದಾಗ ಮಗಳು ದಾರಿ ಬಿಡಲಿಲ್ಲ. "ಅವರು ಹೇಳಿದಾಗ ನೀವು ಕೇಳ್ಲಿಲ್ಲ ಅಪ್ಪ" ಎಂದಳು. ಆಮೇಲೆ ಪಕ್ಕಕ್ಕೆ ಸರಿದಳು.

ಬೆಲ್ಟು, ಎಣ್ಣೆ ಪಂಪು, ಟರ್ಬೊ ಮೂರೂ ಬದಲಾದವು. ಅಳಿಯ ಒಂಬತ್ತು ದಿನ ತೆಗೆದುಕೊಂಡ. ಅಷ್ಟೂ ದಿನ ನರ್ಸಮ್ಮ ಮಾವನ ಜೀಪಿನಲ್ಲಿ ಓಡಾಡಿದಳು. ಕೀಲಿ ಕೊಟ್ಟವರು ಮಾವನೇ. ಗಿರಾಕಿಗಳು ಕೇಳಿದಾಗ ಮಾತ್ರ "ಅಳಿಯಂದ್ರ ಕೈ ತಪ್ಪು" ಎನ್ನುತ್ತಿದ್ದರು. ಅಳಿಯ ಅದನ್ನು ಕೇಳಿಸಿಕೊಂಡೇ ಪಾನಾ ತಿರುಗಿಸುತ್ತಿದ್ದ. ನಿಜ ಹೇಳಿದರೆ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದ. ಇಳಿದದ್ದು ಅರ್ಧವೇ.

ಉಳಿದರ್ಧ ಸರ್ವಿಸ್ ದಾಖಲೆಗಳಲ್ಲಿತ್ತು. ಅದೇ ಬಗೆಯ ಬೆಲ್ಟಿನ ಇನ್ನೂ ಹನ್ನೊಂದು ಕಾರುಗಳಿಗೆ ಅವನು ಪೀಪಾಯಿ ಎಣ್ಣೆ ಹಾಕಿದ್ದ. ಒಂದು ಭಾನುವಾರ ಬೆಳಗ್ಗೆ, ಮಾವ ಮೇಜಿನಲ್ಲಿ ಕೂತಿರುವಾಗಲೇ, ಎದುರಿನ ಸ್ಟೂಲಿನಲ್ಲಿ ಕೂತು ಒಬ್ಬೊಬ್ಬರಿಗೇ ಫೋನು ಮಾಡಿದ. "ನಾನು ಗ್ಯಾರೇಜಿನ ಅಳಿಯ. ನಿಮ್ಮ ಕಾರಿಗೆ ತಪ್ಪು ಎಣ್ಣೆ ಹಾಕಿದ್ದೀವಿ. ಓಡಿಸಬೇಡಿ, ನಾವೇ ಬಂದು ನೋಡ್ತೀವಿ." ಸಂಗೀತದ ಮೇಷ್ಟರು ಎರಡು ಸಲ ಹೇಳಿಸಿಕೊಂಡರು. ಬೇಕರಿಯವನು ಬಾಯಿಗೆ ಬಂದಂತೆ ಬೈದ. ನಾಲ್ಕನೆಯ ಫೋನಿಗೆ ಮಾವ ಕನ್ನಡಕ ತೆಗೆದರು. ಏಳನೆಯದಕ್ಕೆ ಎದ್ದು ಹೋಗಿ ಪೀಪಾಯಿಯ ನಲ್ಲಿಗೆ ತಂತಿ ಸುತ್ತಿ ಬಂದರು. ಅಳಿಯನ ಕಡೆ ನೋಡಲಿಲ್ಲ.

ಹತ್ತು ಜನ ಸಿಕ್ಕರು. ಹನ್ನೊಂದನೆಯವನು ತನ್ನ ಬೂದು ಬಣ್ಣದ ಕಾರನ್ನು ಮಾರಿ ವರ್ಷವಾಗಿತ್ತು. ಕೊಂಡವನು ಇನ್ನೊಬ್ಬನಿಗೆ ಮಾರಿದ್ದನಂತೆ. ಆ ಇನ್ನೊಬ್ಬನ ನಂಬರು ಯಾರಲ್ಲೂ ಇರಲಿಲ್ಲ. ಅಳಿಯ ಈಗಲೂ ವಿಚಾರಿಸುತ್ತಲೇ ಇದ್ದಾನೆ. ಸಿಗ್ನಲ್ಲಿನಲ್ಲಿ ಬೂದು ಬಣ್ಣದ್ದೊಂದು ಪಕ್ಕಕ್ಕೆ ಬಂದು ನಿಂತರೆ, ಹೆಂಡತಿಯ ಮಾತನ್ನು ಅರ್ಧಕ್ಕೇ ತಡೆದು, ಕಿಟಕಿ ಇಳಿಸಿ, ಆ ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾನೆ.